ಕೊತ್ತಿಯ ಕೋಪ ಸೊಸೆಯ ಮೇಲೆ

ಮಾರ್ಚ್ ತಿಂಗಳ ಸೆಕೆಯಲ್ಲಿ ಮೊಣಕಾಲಿನವರೆಗೆ ಉಣ್ಣೆಯ ಕಾಲುಚೀಲ ಏರಿಸಿಕೊಂಡು ಅಡುಗೆಮನೆಗೆ ಹೋಗುವ ಹೆಂಗಸು ಇಡೀ ಶಿವಮೊಗ್ಗದಲ್ಲಿ ನಾನೊಬ್ಬಳೇ ಇರಬೇಕು. ಕಾರಣ ನಮ್ಮ ಮನೆಯ ಬೆಕ್ಕು ಕೆಂಚ. ಆರು ವರ್ಷಗಳಿಂದ ನನ್ನ ಸೀರೆಯ ನೆರಿಗೆಗೆ ಕೆನ್ನೆ ಉಜ್ಜುತ್ತ, ನಾನು ತರಕಾರಿ ಹೆಚ್ಚುವಾಗ ನನ್ನ ಪಾದಗಳ ಮೇಲೇ ಮಲಗುತ್ತ ಬಂದಿದ್ದ ಈ ಸಾಧುಪ್ರಾಣಿ, ಒಂದು ಬೆಳಿಗ್ಗೆ ನಾನು ಕಾಫಿಗೆ ಹಾಲು ಕಾಯಿಸುತ್ತಿದ್ದಾಗ ಕಿಟಕಿಯ ಕಟ್ಟೆಯಿಂದ ಧುಮುಕಿ ನನ್ನ ಎಡಗಾಲಿನ ಮೀನಖಂಡಕ್ಕೆ ಬಾಯಿ ಹಾಕಿತು. ಆಮೇಲೆ ಅದೊಂದು ನಿತ್ಯವ್ರತವೇ ಆಯಿತು. ಯಜಮಾನರನ್ನು ಕಚ್ಚುವುದಿಲ್ಲ, ಮಗನನ್ನು ಕಚ್ಚುವುದಿಲ್ಲ, ಕೆಲಸದ ಹುಡುಗಿ ಬಾಲ ತುಳಿದರೂ ಸುಮ್ಮನಿರುತ್ತದೆ. ಮೀನಿನವನ ಹಾರ್ನ್ ಕೇಳಿದೊಡನೆ ಬಟ್ಟಲು ಹಿಡಿದು ಗೇಟಿಗೆ ಓಡುವವಳು ನಾನು, ಕಚ್ಚಿಸಿಕೊಳ್ಳುವವಳೂ ನಾನೇ.

ಗಾಯವನ್ನು ಹದಿನೈದು ನಿಮಿಷ ಸಾಬೂನು ಹಾಕಿ ತೊಳೆದು, ಲಸಿಕೆ ಹಾಕಿಸಿಕೊಳ್ಳಲು ಆಸ್ಪತ್ರೆಗೆ ಹೋದಾಗ, ಅಲ್ಲಿದ್ದವರು "ಬೀದಿ ಬೆಕ್ಕೇನಮ್ಮಾ?" ಎಂದು ಕೇಳಿದರು. ಸಾಕಿದ್ದು ಎನ್ನಲು ನನಗೆ ನಾಚಿಕೆಯಾಯಿತು. ಬೆಕ್ಕು ಸಾಕಿದ್ದೇ ಆಗಿರಲಿ, ಕಚ್ಚಿದ ಮೇಲೆ ಲಸಿಕೆಯನ್ನು ನಿರ್ಲಕ್ಷಿಸಬಾರದು. 0, 3, 7, 28 ಎಂಬ ಆ ದಿನಗಳ ಲೆಕ್ಕ ಈಗ ನನಗೆ ಮನೆಯವರ ಹುಟ್ಟುಹಬ್ಬಗಳಿಗಿಂತ ಚೆನ್ನಾಗಿ ಬಾಯಿಪಾಠವಾಗಿದೆ.

ಸುದ್ದಿ ಹರಡಿದೊಡನೆ ಕಾರಣಗಳೂ ಬಂದವು. ಪಕ್ಕದ ಮನೆಯವರು ದೃಷ್ಟಿಯೆಂದರು. ಎದುರು ಮನೆಯವರು ಸೆಕೆಗೆ ಪಿತ್ತ ಕೆರಳಿದೆಯೆಂದರು. ಮೈಸೂರಿನ ಚಿಕ್ಕಮ್ಮ ಫೋನಿನಲ್ಲಿಯೇ ರೋಗ ನಿಶ್ಚಯಿಸಿ, ಜ್ವರದ ಮಾತ್ರೆಯಲ್ಲಿ ಅರ್ಧ ಮುರಿದು ಹಾಲಿನಲ್ಲಿ ಕೊಡೆಂದರು. ಪ್ಯಾರಾಸಿಟಮಾಲನ್ನು ಅರಗಿಸಿಕೊಳ್ಳುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ, ಒಂದೇ ಮಾತ್ರೆ ಅದರ ಪ್ರಾಣ ತೆಗೆಯಬಲ್ಲದು ಎಂಬುದು ಅವರಿಗೆ ತಿಳಿದಿರಲಿಲ್ಲ. ನನ್ನ ಮೀನಖಂಡ ಹೇಗಿದೆಯೆಂದು ಇವರಲ್ಲಿ ಯಾರೊಬ್ಬರೂ ಕೇಳಲಿಲ್ಲವೆಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ದಾಖಲಿಸುವ ಮಾತು ಬಂದಮೇಲೆ ನಮ್ಮ ಮಾವನವರ ವಿಷಯಕ್ಕೆ ಬರಲೇಬೇಕು. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದ ಅವರಿಗೆ, ಬರೆಹದಲ್ಲಿ ಇಲ್ಲದ ಸಂಗತಿ ನಡೆದೇ ಇಲ್ಲವೆಂಬ ದೃಢವಾದ ನಂಬಿಕೆಯಿದೆ. ನಾನು ಕಾಲು ಹಿಡಿದುಕೊಂಡು ನೆಲದ ಮೇಲೆ ಕೂತಿದ್ದರೆ ಅವರು ಕನ್ನಡಕ, ಅಳತೆಯ ಟೇಪು ಮತ್ತು ಉದ್ದನೆಯ ರೂಲು ಪುಸ್ತಕದೊಂದಿಗೆ ಬಂದು, "ಏನಮ್ಮಾ, ನೀನು ಎದ್ದುಬಿಡಬೇಡ, ಸ್ಥಳ ಇದ್ದ ಹಾಗೇ ಇರಲಿ, ಮಹಜರು ಆಗಬೇಕು" ಎಂದರು. ಒಲೆಯ ಮೇಲೆ ಹಾಲು ಉಕ್ಕಿತು. ಅದನ್ನೂ ಬರೆದುಕೊಂಡರು.

ಆ ಮಹಜರನ್ನು ನೀವು ಓದಬೇಕು. "ಸದರಿ ಬೆಕ್ಕು, ಬಣ್ಣ ಕೆಂಚು, ಬಾಲದ ತುದಿ ಬಿಳಿ, ಬೆಳಿಗ್ಗೆ 6 ಗಂಟೆ 10 ನಿಮಿಷಕ್ಕೆ ಪಶ್ಚಿಮದ ಕಿಟಕಿಯ ಕಟ್ಟೆಯಿಂದ ಇಳಿದು ಬಂದು, ಸೊಸೆಯವರ ಕಡೆಯಿಂದ ಯಾವುದೇ ಪ್ರಚೋದನೆ ಇಲ್ಲದಿದ್ದಾಗ್ಯೂ, ಸದರಿಯವರ ಎಡಗಾಲನ್ನು ಹಲ್ಲುಗಳಿಂದ ಬಾಧಿಸಿರುತ್ತದೆ. ಘಟನಾ ಸ್ಥಳದ ಚೆಕ್ಕುಬಂದಿ: ಪೂರ್ವಕ್ಕೆ ಫ್ರಿಜ್ಜು, ಪಶ್ಚಿಮಕ್ಕೆ ಕಿಟಕಿ, ಉತ್ತರಕ್ಕೆ ದೇವರ ಕೋಣೆಯ ಗೋಡೆ, ದಕ್ಷಿಣಕ್ಕೆ ಅಕ್ಕಿಯ ಡಬ್ಬ." ಇದರ ಕೆಳಗೆ ಪಂಚರ ಜಾಗದಲ್ಲಿ ಎಂಟನೆಯ ತರಗತಿಯ ನನ್ನ ಮಗನೂ ಕೆಲಸದ ಹುಡುಗಿಯೂ ರುಜು ಹಾಕಿದ್ದಾರೆ. ಇಬ್ಬರೂ ಆ ಹೊತ್ತಿಗೆ ಸ್ಥಳದಲ್ಲಿ ಇರಲಿಲ್ಲ. ಒಬ್ಬ ಮಲಗಿದ್ದ, ಇನ್ನೊಬ್ಬಳು ಇನ್ನೂ ಕೆಲಸಕ್ಕೇ ಬಂದಿರಲಿಲ್ಲ. ಇದನ್ನು ಆಕ್ಷೇಪಿಸಿದಾಗ ಮಾವನವರು ನನ್ನನ್ನು ಕನಿಕರದಿಂದ ನೋಡಿ, "ಪಂಚರು ಯಾವ ಮಹಜರಿನಲ್ಲಿ ಸ್ಥಳದಲ್ಲಿದ್ದರಮ್ಮಾ?" ಎಂದು ಕೇಳಿದರು. ಸರ್ಕಾರಿ ಸೇವೆಯ ಅಷ್ಟೂ ವರ್ಷಗಳ ಅನುಭವ ಆ ಪ್ರಶ್ನೆಯಲ್ಲಿತ್ತು.

ಅಲ್ಲಿಂದ ಮುಂದೆ ಕೆಂಚನ ದಿನಚರಿಯೆಲ್ಲ ಕಡತಕ್ಕೆ ಸೇರತೊಡಗಿತು. ಅದು ಎಷ್ಟು ಹೊತ್ತಿಗೆ ತಿಂದಿತು, ಯಾವ ದಿಕ್ಕಿಗೆ ಮುಖ ಮಾಡಿ ಮಲಗಿತು, ಮಣ್ಣಿನ ತಟ್ಟೆಗೆ ಎಷ್ಟು ಸಲ ಹೋಯಿತು ಎಂಬುದೆಲ್ಲ ಬರೆಹಕ್ಕಿಳಿಯಿತು. ಹಿತ್ತಿಲ ಬಾಗಿಲಿನ ಬುಡವನ್ನು ಮೂಸಿ, ಹಳಸಿದ ಸಾರು ಮೂಸಿದವರ ಹಾಗೆ ಮುಖ ಕಿವುಚಿ ಬಾಯಿ ತೆರೆದು ನಿಂತಿದ್ದನ್ನು, "ಆಕಳಿಕೆ ಎಂದು ಅಭಿಪ್ರಾಯಪಡಲಾಗಿದೆ" ಎಂದು ಷರಾ ಬರೆದಿದ್ದರು. ಅದೇ ಬಾಗಿಲಿನ ಮೇಲೆ ಕಂಡ ಕಲೆಗಳನ್ನು ಟೇಪು ಹಿಡಿದು ಅಳೆದು, ಒಳಮೈಯಲ್ಲಿ ನೆಲದಿಂದ ಎಂಟು ಅಂಗುಲ, ಹೊರಮೈಯಲ್ಲಿ ಹತ್ತು ಅಂಗುಲ ಎಂದು ನಮೂದಿಸಿದ್ದರು. ಆ ವಾಸನೆಯನ್ನು ತಾಳಲಾರದೆ ನಮ್ಮ ಯಜಮಾನರು ಬಾಟಲಿಗಟ್ಟಲೆ ಫಿನಾಯಿಲ್ ಸುರಿದರು. ಈ ಇಡೀ ಪ್ರಕರಣದಲ್ಲಿ ಅವರ ಕೊಡುಗೆ ಅದೊಂದೇ.

ಕೊನೆಗೆ ಕೆಂಚನನ್ನು ಬುಟ್ಟಿಯಲ್ಲಿ ಹಾಕಿಕೊಂಡು ಪಶುವೈದ್ಯರಲ್ಲಿಗೆ ಹೋದೆವು. ಅವರು ಮೊದಲು ಕೇಳಿದ್ದು ಕೋಪದ ವಿಷಯವನ್ನಲ್ಲ, ಮೂತ್ರ ಸರಿಯಾಗಿ ಆಗುತ್ತಿದೆಯೇ ಎಂಬುದನ್ನು. ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದು. ಅದು ಕಟ್ಟಿಕೊಂಡರೆ ಒಂದೆರಡು ದಿನಗಳಲ್ಲಿ ಪ್ರಾಣಕ್ಕೇ ಸಂಚಕಾರ ಬರುತ್ತದೆಯಂತೆ. ತಿಣುಕುತ್ತ ಮತ್ತೆ ಮತ್ತೆ ತಟ್ಟೆಗೆ ಹೋಗಿ ಬರುವ ಬೆಕ್ಕನ್ನು ಬೆಳಗಾಗಲಿ ಎಂದು ಕಾಯದೆ ಕರೆತರಬೇಕು ಎಂದರು. ಆಮೇಲೆ ಹಲ್ಲು, ಒಸಡು, ಬೆನ್ನು, ಕೀಲು ಎಲ್ಲವನ್ನೂ ಒತ್ತಿ ನೋಡಿದರು. ಬೇಟೆಯಾಡುವ ಪ್ರಾಣಿಯಾದರೂ ತನಗಿಂತ ದೊಡ್ಡ ಪ್ರಾಣಿಗೆ ತಾನೇ ಬೇಟೆಯಾಗಬಹುದಾದ ಬೆಕ್ಕು ನೋವನ್ನು ಆದಷ್ಟೂ ಮುಚ್ಚಿಡುತ್ತದೆ. ಹಲ್ಲುನೋವೋ ಸಂಧಿನೋವೋ ಇದ್ದರೆ ಹೊರಗೆ ಕಾಣುವುದು ಬರೀ ಸಿಡುಕು, ಅಡಗಿಕೊಳ್ಳುವುದು, ಊಟ ಬಿಡುವುದು. ಆದ್ದರಿಂದ ಬೆಕ್ಕು ಇದ್ದಕ್ಕಿದ್ದಂತೆ ಬದಲಾದರೆ ಮೊದಲು ದೇಹವನ್ನು ನೋಡಬೇಕು, ಆಮೇಲೆ ಮನಸ್ಸನ್ನು.

ಈ ಮಾತು ಕೇಳುವಾಗ ನನಗೆ ಪಕ್ಕದಲ್ಲಿ ಕುಳಿತಿದ್ದ ಮಾವನವರ ಕಡೆಗೆ ಗಮನ ಹೋಯಿತು. ಅತ್ತೆಯವರು ತೀರಿಕೊಂಡ ವರ್ಷ ಅವರು ಮಧ್ಯಾಹ್ನದ ಕಾಫಿಯನ್ನು ಬಿಟ್ಟುಬಿಟ್ಟರು, ಕೋಣೆಯ ಮಂಚವನ್ನು ಬಿಟ್ಟು ಹಜಾರದ ಚಾಪೆಯ ಮೇಲೆ ಮಲಗತೊಡಗಿದರು, ಪೇಪರಿನವನ ಮೇಲೆ ವಿನಾಕಾರಣ ಕೂಗಾಡಿದರು. ವಯಸ್ಸಾಯಿತು ಎಂದುಕೊಂಡು ಎಲ್ಲರೂ ಸುಮ್ಮನಾದೆವು. ಆ ಬದಲಾವಣೆಗಳನ್ನು ಯಾರೂ ಯಾವ ಪುಸ್ತಕದಲ್ಲೂ ಬರೆದಿಡಲಿಲ್ಲ.

ದೇಹದಲ್ಲಿ ದೋಷವಿಲ್ಲವೆಂದು ಖಚಿತವಾದ ಮೇಲೆ ಮಾವನವರು ಕಡತವನ್ನು ಮೇಜಿನ ಮೇಲಿಟ್ಟರು. ನಾನು ನೆಲ ನೋಡುತ್ತ ಕುಳಿತೆ. ಆದರೆ ಆ ವೈದ್ಯರು ನಗಲಿಲ್ಲ. ಪುಟಗಳನ್ನು ಒಂದೊಂದಾಗಿ ತಿರುವಿ, ಕಲೆಗಳ ಅಳತೆಯಿದ್ದಲ್ಲಿ ಬೆರಳಿಟ್ಟು ನಿಂತರು. ಮೂತ್ರದ ಒತ್ತಡಕ್ಕೆ ಹೋಗುವ ಬೆಕ್ಕು ಕುಕ್ಕುರುಗಾಲಿನಲ್ಲಿ ಕೂತು ನೆಲದ ಮೇಲೆ ಹೋಗುತ್ತದೆ; ಗಡಿ ಗುರುತು ಮಾಡುವ ಬೆಕ್ಕು ನಿಂತುಕೊಂಡೇ ಬಾಲವನ್ನೆತ್ತಿ ನಡುಗಿಸುತ್ತ ಗೋಡೆಗೋ ಬಾಗಿಲಿಗೋ ಸಿಂಪಡಿಸುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಗಂಡುಗಳಲ್ಲಿಯೂ ಸುಮಾರು ಹತ್ತರಲ್ಲಿ ಒಂದಕ್ಕೆ ಈ ಚಾಳಿ ಉಳಿಯುತ್ತದೆ. ಒಳಗಿನ ಎಂಟು ಅಂಗುಲ ಕೆಂಚನದು ಸರಿ, ರಾತ್ರಿ ಹೊರಗೆ ಹೋಗದ ಬೆಕ್ಕಿನ ಮನೆಬಾಗಿಲಿನ ಹೊರಮೈಯಲ್ಲಿ ಹತ್ತು ಅಂಗುಲದ ಕಲೆ ಯಾರದು? ಆ 'ಆಕಳಿಕೆ'ಯೂ ಆಕಳಿಕೆಯಲ್ಲ. ಬಾಯಿಯ ಅಂಗುಳಿನಲ್ಲಿರುವ ಜೇಕಬ್ಸನ್ ಅಂಗಕ್ಕೆ ವಾಸನೆಯನ್ನು ಎಳೆದುಕೊಂಡು, ಬಂದು ಹೋದ ಬೆಕ್ಕು ಯಾವುದೆಂದು ವಿಚಾರಿಸುವ ಕ್ರಮ ಅದು.

ಮರುದಿನ ಬೆಳಿಗ್ಗೆ ಪ್ರತಿವಾದಿ ಪತ್ತೆಯಾದ. ಕಿಟಕಿಯಾಚೆ ಒಗೆಯುವ ಕಲ್ಲಿನ ಮೇಲೆ, ಕಿವಿ ಹರಿದ ದಡೂತಿ ಕರಿ ಬೆಕ್ಕೊಂದು ಕುಳಿತು ನಮ್ಮ ಕೆಂಚನನ್ನು ದಿಟ್ಟಿಸುತ್ತಿತ್ತು. ಸರಳಿನ ಈಚೆಗಿರುವ ಕೆಂಚನಿಗೆ ಅದರ ಮೇಲೆ ಎರಗುವಂತಿಲ್ಲ; ಉಕ್ಕಿ ಬಂದ ಸಿಟ್ಟನ್ನು ನುಂಗುವಂತೆಯೂ ಇಲ್ಲ. ಆ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಕೈಗೆ, ಅಲ್ಲ, ಬಾಯಿಗೆ ಸಿಗುವ ಜೀವವೆಂದರೆ ಹಾಲು ಕಾಯಿಸುತ್ತಿರುವ ನಾನು. ಮನೆಯಲ್ಲಿ ಮಿಕ್ಕವರೆಲ್ಲ ಕಚ್ಚಿಸಿಕೊಳ್ಳದೆ ಉಳಿದದ್ದು ಅವರ ಮೇಲಿನ ಪ್ರೀತಿಯಿಂದಲ್ಲ, ಅವರು ಆ ಹೊತ್ತಿಗೆ ಅಡುಗೆಮನೆಯಲ್ಲಿ ಇರುವುದಿಲ್ಲವಾದ್ದರಿಂದ! ಅತ್ತೆಯ ಮೇಲಿನ ಕೋಪವನ್ನು ಕೊತ್ತಿಯ ಮೇಲೆ ತೋರಿಸುವ ಸೊಸೆಯರ ಗಾದೆಯನ್ನು ನಾವೆಲ್ಲ ಕೇಳುತ್ತ ಬೆಳೆದವರು. ತಲೆತಲಾಂತರದ ಆ ಬಾಕಿಯನ್ನು ಕೊತ್ತಿಗಳು ಬಡ್ಡಿ ಸಮೇತ ವಸೂಲು ಮಾಡಲು ನನ್ನನ್ನೇ ಆರಿಸಿಕೊಂಡದ್ದು ಮಾತ್ರ ಅನ್ಯಾಯ. ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡರೆ ಓಡಿಹೋಗುವುದನ್ನು ನೋಡಿ ಕೃಷ್ಣದೇವರಾಯನ ಆಸ್ಥಾನ ಬೆರಗಾಯಿತಂತೆ. ಅಲ್ಲಿ ಕುದಿಯುವ ಹಾಲಿಟ್ಟು ಬೆಕ್ಕಿನ ಬಾಯಿ ಸುಟ್ಟವನು ಯಜಮಾನನೇ ಆದ್ದರಿಂದ ಆ ಬೆಕ್ಕಿನ ಹೆದರಿಕೆಗೆ ಒಂದು ನ್ಯಾಯವಾದರೂ ಇತ್ತು.

ವೈದ್ಯರ ಸಲಹೆಯಂತೆ ಕಿಟಕಿಯ ಕೆಳಗಿನ ಅರ್ಧಕ್ಕೆ ಹಳೆಯ ಕ್ಯಾಲೆಂಡರ್ ಅಂಟಿಸಿದೆವು. ಸಿಟ್ಟು ಕೆಲವೊಮ್ಮೆ ಗಂಟೆಗಳಲ್ಲಿ ಇಳಿಯುತ್ತದೆ, ಕೆಲವೊಮ್ಮೆ ದಿನಗಟ್ಟಲೆ ಉಳಿಯುತ್ತದೆ, ಆ ತನಕ ಎತ್ತಿಕೊಂಡು ಸಮಾಧಾನ ಮಾಡಲು ಹೋಗಬೇಡಿ ಎಂದಿದ್ದರು; ಹೋಗಲಿಲ್ಲ. ಬೆಕ್ಕಿಗೆ ವಿಷವಾಗುವ ಫಿನಾಯಿಲ್ ಬಾಟಲಿಗಳನ್ನು ಯಜಮಾನರ ಕೈಯಿಂದಲೇ ಹೊರಗೆ ಹಾಕಿಸಿ, ಬಾಗಿಲನ್ನು ಮೂತ್ರದ ವಾಸನೆ ಒಡೆಯುವ ಕಿಣ್ವದ ದ್ರಾವಣದಿಂದ ಒರೆಸಿದೆ. ಕೆಂಚ ಈಗ ಅಷ್ಟಿಷ್ಟು ತಣ್ಣಗಾಗಿದೆ.

ಆದರೆ ಕೆಂಚನಿಗೆಂದು ತೆಗೆದಿಡುವ ಬೂತಾಯಿ ಮೀನು ದಿನೇದಿನೇ ಕಡಿಮೆಯಾಗುತ್ತಿರುವುದು ನನ್ನ ಗಮನಕ್ಕೆ ಬಂದು, ನಿನ್ನೆ ಹಿತ್ತಿಲಿಗೆ ಹೋಗಿ ನೋಡಿದರೆ, ಒಗೆಯುವ ಕಲ್ಲಿನ ಹಿಂದೆ ಮಾವನವರು ಕರಿ ಬೆಕ್ಕಿನ ಎದುರು ಬಟ್ಟಲಿಟ್ಟುಕೊಂಡು ಕುಕ್ಕುರುಗಾಲಿನಲ್ಲಿ ಕೂತಿದ್ದಾರೆ. ಮೊಣಕಾಲಿನ ಮೇಲೆ ಹೊಸದೊಂದು ರೂಲು ಪುಸ್ತಕ.

"ಮಾವ, ಇದೇನು? ಶತ್ರುವಿಗೇ ಊಟ ಹಾಕುತ್ತಿದ್ದೀರಲ್ಲ!" ಎಂದೆ.

"ಎದುರುದಾರರ ಹೇಳಿಕೆ ಪಡೆಯದೆ ಕಿಟಕಿ ಮುಚ್ಚಿಬಿಟ್ಟೆವಲ್ಲಮ್ಮಾ, ಏಕಪಕ್ಷೀಯ ಆದೇಶ ಊರ್ಜಿತವಾಗುವುದಿಲ್ಲ" ಎಂದರು.

ಎದುರುದಾರರು ಈಗ ದಿನಕ್ಕೆರಡು ಹೊತ್ತು ತಪ್ಪದೆ ವಿಚಾರಣೆಗೆ ಹಾಜರಾಗುತ್ತಿದ್ದಾರೆ. ಹೇಳಿಕೆ ಇನ್ನೂ ದಾಖಲಾಗಿಲ್ಲ. ಪ್ರತಿ ಹಾಜರಿಗೂ ಎರಡು ಬೂತಾಯಿ ಭತ್ಯೆ ಮಂಜೂರಾಗುತ್ತಿದ್ದು, ಮೀನಿನವನು ಲೆಕ್ಕವನ್ನು ನನ್ನ ಹೆಸರಿನಲ್ಲಿ ಬರೆದುಕೊಳ್ಳುತ್ತಿದ್ದಾನೆ.