ಕೆಮ್ಮಿದಾಗ ರಕ್ತ ಬಂದರೆ ಟಿಬಿಯೇ ಆಗಿರಬೇಕಿಲ್ಲ

'ಕೆಮ್ಮಿನಲ್ಲಿ ರಕ್ತ ಬಂದರೆ ಟಿಬಿಯೇ. ಹುಟ್ಟಿನ ದೋಷವಾಗಿದ್ದರೆ ಚಿಕ್ಕಂದಿನಲ್ಲೇ ಗೊತ್ತಾಗುತ್ತಿತ್ತು.' ವಿಜಯಪುರದ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಈ ಮಾತು ನಿಜವಲ್ಲ.

ಟಿಬಿ ನಮ್ಮಲ್ಲಿ ಜಾಸ್ತಿ. ಹಾಗಾಗಿ ಕಫ ಪರೀಕ್ಷೆ ಮಾಡಿಸಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಅದರಲ್ಲಿ ಏನೂ ಸಿಗದಿದ್ದರೆ ಹುಡುಕಾಟ ನಿಲ್ಲಿಸಬೇಡಿ.

ಕೆಲವರಿಗೆ ಹುಟ್ಟುವಾಗಲೇ ಒಂದು ಶ್ವಾಸಕೋಶಕ್ಕೆ ಹೋಗುವ ಮುಖ್ಯ ರಕ್ತನಾಳ ಇರುವುದಿಲ್ಲ. ಸುಮಾರು 2 ಲಕ್ಷ ಜನರಲ್ಲಿ ಒಬ್ಬರಿಗೆ ಹೀಗೆ ಎಂಬ ಅಂದಾಜಿದೆ. ಆ ಶ್ವಾಸಕೋಶಕ್ಕೆ ಅಕ್ಕಪಕ್ಕದ ಸಣ್ಣ ನಾಳಗಳೇ ರಕ್ತ ಕೊಡುತ್ತವೆ. ವರ್ಷ ಕಳೆದಂತೆ ಅವು ಉಬ್ಬುತ್ತವೆ, ಕೆಲವೊಮ್ಮೆ ಒಡೆಯುತ್ತವೆ. ಅದಕ್ಕೇ ದೊಡ್ಡವರಾದ ಮೇಲೆ ಮೊದಲ ಸಲ ರಕ್ತ, ದಮ್ಮು, ಮತ್ತೆ ಮತ್ತೆ ಎದೆಯ ಸೋಂಕು ಕಾಣಿಸಬಹುದು. ಪಾಪ, ಎಷ್ಟೋ ವರ್ಷ ಇದನ್ನು ಅಸ್ತಮಾ ಅಂದುಕೊಂಡೇ ಇರುವವರೂ ಇರುತ್ತಾರೆ.

ಎಕ್ಸ್‌ರೇಯಲ್ಲಿ ಒಂದು ಶ್ವಾಸಕೋಶ ಚಿಕ್ಕದಾಗಿ ಕಂಡರೆ ಅದೊಂದು ಸುಳಿವು. ಸಿಟಿ ಆಂಜಿಯೋ, ಅಂದರೆ ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್ ಮಾಡಿದರೆ ಖಚಿತವಾಗುತ್ತದೆ. ಎಕೋದಲ್ಲಿ (ಹೃದಯದ ಸ್ಕ್ಯಾನ್) ಶ್ವಾಸಕೋಶದ ನಾಳಗಳ ಒತ್ತಡ ನೋಡುತ್ತಾರೆ.

ತೊಂದರೆ ಇಲ್ಲದವರಿಗೆ ಸಾಮಾನ್ಯವಾಗಿ ಆಪರೇಷನ್ ಬೇಡ, ಆಗಾಗ ತಪಾಸಣೆ ಸಾಕು. ರಕ್ತ ಬರುತ್ತಿದ್ದರೆ ತೆಳು ನಳಿಗೆ ತೂರಿಸಿ ಆ ನಾಳ ಮುಚ್ಚುತ್ತಾರೆ. ಅದಕ್ಕೂ ಬಗ್ಗದಿದ್ದರೆ ಮಾತ್ರ ಶಸ್ತ್ರಚಿಕಿತ್ಸೆ. ಗರ್ಭಿಣಿಯಾಗುವ ಮುನ್ನ, ಕೇದಾರನಾಥದಂಥ ಎತ್ತರದ ಜಾಗಕ್ಕೆ ಹೊರಡುವ ಮುನ್ನ ಇಂಥವರು ವೈದ್ಯರನ್ನು ಕೇಳಲೇಬೇಕು.