ಹೆಣ ತೋರಿಸದೆ ಕೊಲೆಗಳ ಕಥೆ ಹೇಳಿದ ಲೂರ್ದೆಸ್ ಪೋರ್ತಿಯೊ

ಮೆಕ್ಸಿಕೋ ಸಿನಿಮಾ ಅಂದ ಕೂಡಲೇ ನಮ್ಮ ಮಾತು ಕ್ವಾರೋನ್, ಇನ್ಯಾರಿತು, ದೆಲ್ ತೋರೊ ಈ ಮೂವರು ನಿರ್ದೇಶಕರ ಸುತ್ತಲೇ ತಿರುಗುತ್ತದೆ. ಮೂವರೂ ದೊಡ್ಡವರೇ, ತಕರಾರಿಲ್ಲ. ಆದರೆ ಅದೇ ದೇಶದಲ್ಲಿ ಹುಟ್ಟಿದ ಸಾಕ್ಷ್ಯಚಿತ್ರ ನಿರ್ದೇಶಕಿ ಲೂರ್ದೆಸ್ ಪೋರ್ತಿಯೊ ಹೆಸರು, ಸಿನಿಮಾ ಬಗ್ಗೆ ಗಂಟೆಗಟ್ಟಲೆ ಮಾತಾಡುವ ನನ್ನ ಗೆಳೆಯರ ಬಾಯಲ್ಲೂ ಬಂದದ್ದು ಕೇಳಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಹುಟ್ಟಿದ್ದು 1943ರಲ್ಲಿ, ಉತ್ತರ ಮೆಕ್ಸಿಕೋದ ಚಿವಾವಾದಲ್ಲಿ. ಹದಿಮೂರಕ್ಕೆ ಮನೆಮಂದಿಯೊಂದಿಗೆ ಲಾಸ್ ಏಂಜಲೀಸ್. ಇಪ್ಪತ್ತೊಂದರಲ್ಲಿ ಪರಿಚಯದವರ ಸಾಕ್ಷ್ಯಚಿತ್ರವೊಂದಕ್ಕೆ ಕೈಜೋಡಿಸಲು ಹೋದಾಗಲೇ ತನ್ನ ದಾರಿ ಇದೇ ಅಂತ ಗೊತ್ತಾಯಿತಂತೆ. ಆದರೂ ಮೊದಲ ಚಿತ್ರ ಬರಲು 1979 ಆಗಬೇಕಾಯಿತು. ನಿಕರಾಗುವಾದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದ ಹೆಣ್ಣೊಬ್ಬಳ ಕಥೆ ಅದು, ನೀನಾ ಸೆರಾನೊ ಜೊತೆ ಸೇರಿ ಮಾಡಿದ್ದು.

ಜಗತ್ತು ತಿರುಗಿ ನೋಡಿದ್ದು ಸುಸಾನಾ ಬ್ಲೌಸ್ಟೈನ್ ಮುನ್ಯೋಸ್ ಜೊತೆ ಮಾಡಿದ ‘ಲಾಸ್ ಮಾದ್ರೆಸ್’ ಚಿತ್ರದಿಂದ. ಅರ್ಜೆಂಟೀನಾದ ಸೇನಾಡಳಿತ ಸಾವಿರಾರು ಯುವಕ ಯುವತಿಯರನ್ನು ಎತ್ತಿಕೊಂಡು ಹೋಗಿ ಸುಳಿವೇ ಸಿಗದಂತೆ ಮಾಡಿತ್ತು. 1977ರಿಂದ ಆ ಮಕ್ಕಳ ತಾಯಂದಿರು ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡು, ರಾಜಧಾನಿಯ ಚೌಕಕ್ಕೆ ಪ್ರತಿ ಗುರುವಾರ ಬಂದು ಸುತ್ತು ಹಾಕತೊಡಗಿದರು. ಮೊದಲು ಮುಂದೆ ನಿಂತವರಲ್ಲಿ ಮೂವರು ತಾಯಂದಿರನ್ನೇ ಅದೇ ವರ್ಷದ ಡಿಸೆಂಬರಿನಲ್ಲಿ ಎತ್ತಿಕೊಂಡು ಹೋದರು. ಉಳಿದವರು ಬರುವುದು ಬಿಡಲಿಲ್ಲ. ಆ ತಾಯಂದಿರ ಚಿತ್ರ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು.

ನನಗೆ ಪೋರ್ತಿಯೊ ನಿಜವಾಗಿ ಅರ್ಥವಾಗಿದ್ದು 1994ರ ‘ಎಲ್ ದಿಯಾಬ್ಲೊ ನುಂಕಾ ದುಯೆರ್ಮೆ’ಯಲ್ಲಿ. ಆಕೆಯ ಸೋದರಮಾವ ಗುಂಡೇಟಿಗೆ ಸತ್ತಿದ್ದಾರೆ. ಆತ್ಮಹತ್ಯೆಯೋ, ಕೊಲೆಯೋ? ಕೇಳಲು ಈಕೆ ಚಿವಾವಾಗೆ ಹೋಗುತ್ತಾರೆ. ಒಬ್ಬೊಬ್ಬ ನೆಂಟರ ಬಾಯಲ್ಲಿ ಒಂದೊಂದು ಕಥೆ. ಮಾವನ ಎರಡನೇ ಹೆಂಡತಿ ಕ್ಯಾಮೆರಾ ಮುಂದೆ ಬರಲು ಒಪ್ಪದೆ, ಆಕೆಯ ಮಾತು ಫೋನಿನಲ್ಲಷ್ಟೇ ಕೇಳಿಸುತ್ತದೆ. ನಡುನಡುವೆ ಮೆಕ್ಸಿಕೋದ ಟೀವಿ ಧಾರಾವಾಹಿಗಳ ತುಣುಕು. ಅದು ಬರೀ ಚಮತ್ಕಾರವಲ್ಲ, ಆ ಮನೆಯವರು ತಮ್ಮ ಬದುಕನ್ನು ಹೇಳಿಕೊಳ್ಳುವ ವರಸೆಯೇ ಧಾರಾವಾಹಿಯದ್ದು ಅನ್ನುವುದು ನೋಡುತ್ತಾ ನೋಡುತ್ತಾ ಹೊಳೆಯುತ್ತದೆ. ಕೊನೆಗೂ ಉತ್ತರ ಸಿಗುವುದಿಲ್ಲ. ಸಿಕ್ಕಿತು ಅಂತ ನಟಿಸುವುದೂ ಇಲ್ಲ. ಈ ಪ್ರಾಮಾಣಿಕತೆ ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ.

ತನ್ನ ಮನೆಯ ಗುಟ್ಟನ್ನೇ ಹೀಗೆ ಹೊರಗೆ ತಂದವಳಿಗೆ ಬೇರೆಯವರ ಮನೆ ಬಾಗಿಲು ತಟ್ಟುವ ಹಕ್ಕಿತ್ತು ಅಂತ ನಾನು ನಂಬಿದ್ದೇನೆ. ಏಕೆಂದರೆ ಮುಂದೆ ಹೋಗಿದ್ದು ಹ್ವಾರೆಸ್ ನಗರಕ್ಕೆ. ಅಮೆರಿಕದ ಗಡಿಗೆ ಅಂಟಿಕೊಂಡ ಊರು, ರಫ್ತಿಗೆ ಸಾಮಾನು ಜೋಡಿಸುವ ಫ್ಯಾಕ್ಟರಿಗಳ ತಾಣ. ಕಡಿಮೆ ಕೂಲಿಗೆ ದುಡಿಯಲು ಬಂದ ಹುಡುಗಿಯರು 1993ರಿಂದ ಒಬ್ಬೊಬ್ಬರಾಗಿ ಕಾಣೆಯಾಗಿ ಮರುಭೂಮಿಯಲ್ಲಿ ಹೆಣವಾಗಿ ಸಿಗುತ್ತಿದ್ದರು. 1995ರಲ್ಲಿ ಈಜಿಪ್ಟ್ ಮೂಲದ ರಸಾಯನಶಾಸ್ತ್ರಜ್ಞನೊಬ್ಬನನ್ನು ಹಿಡಿದರು, ಕೊಲೆ ನಿಲ್ಲಲಿಲ್ಲ. ಬಸ್ ಚಾಲಕರನ್ನು ಹಿಡಿದರು, ಆಗಲೂ ನಿಲ್ಲಲಿಲ್ಲ. ಹುಡುಗಿಯರ ಉಡುಪು, ನಡತೆಯ ಬಗ್ಗೆ ಅಧಿಕಾರಿಗಳೇ ಮಾತಾಡಿದರು.

2001ರ ‘ಸೆನ್ಯೊರಿತಾ ಎಸ್ತ್ರವಿಯಾದಾ’ ಈ ಕೊಲೆಗಳ ಕುರಿತದ್ದು. ಸತ್ತವರ ದೇಹವನ್ನು ನೋಟದ ಸರಕು ಮಾಡಲು ಪೋರ್ತಿಯೊ ಒಪ್ಪಲಿಲ್ಲ. ಬದಲಿಗೆ ಬದುಕಿದ್ದಾಗಿನ ಫೋಟೊಗಳು. ತಾಯಂದಿರ, ಅಕ್ಕತಂಗಿಯರ ಮಾತು. ವಿದ್ಯುತ್ ಕಂಬಕ್ಕೆ ಗುಲಾಬಿ ಬಣ್ಣ ಬಳಿದು, ಅದರ ಮೇಲೆ ಕಪ್ಪು ಶಿಲುಬೆ ಬರೆಯುವ ಹೆಂಗಸರು. ಪೊಲೀಸರ ವಶದಲ್ಲಿದ್ದಾಗ ತನ್ನ ಮೇಲಾದ ಅತ್ಯಾಚಾರವನ್ನು ಒಬ್ಬ ಹೆಣ್ಣುಮಗಳು ಹೇಳುತ್ತಾಳೆ. ಸರ್ಕಾರದ ಮಾತು, ಪತ್ರಿಕೆಯ ಮಾತು ಯಾವುದನ್ನೂ ನಂಬಲಾಗುತ್ತಿಲ್ಲ, ನೊಂದವರು ಮತ್ತವರ ಮನೆಯವರನ್ನಷ್ಟೇ ನಂಬುತ್ತೇನೆ ಅಂತ ಪೋರ್ತಿಯೊ ತಮ್ಮ ದನಿಯಲ್ಲೇ ಹೇಳಿಬಿಡುತ್ತಾರೆ. ಇದು ಪಕ್ಷಪಾತ ಅನ್ನುವವರಿದ್ದಾರೆ. ಠಾಣೆಯವರೇ ದೂರು ಕೇಳಿಸಿಕೊಳ್ಳದ ಊರಲ್ಲಿ ಎರಡೂ ಕಡೆಗೆ ಸಮ ಸಮಯ ಕೊಡುವುದು ಯಾವ ನ್ಯಾಯ? ನನ್ನ ಮಟ್ಟಿಗೆ ಆಕೆ ಮಾಡಿದ್ದೇ ಸರಿ.

ಇವತ್ತು ಒಟಿಟಿ ತೆರೆದರೆ ಕೊಲೆಗಳ ಸಾಕ್ಷ್ಯಚಿತ್ರಗಳ ರಾಶಿ. ಹಂತಕನ ಬಾಲ್ಯ, ಹಂತಕನ ಮನಸ್ಸು, ಕಂತಿನ ಕೊನೆಗೊಂದು ತಿರುವು. ಸತ್ತವಳ ಹೆಸರು ಮರುದಿನ ನೋಡಿದವರಿಗೇ ನೆನಪಿರುವುದಿಲ್ಲ. ನನಗಿದು ಸಂಕಟ, ಸಿಟ್ಟು ಎರಡನ್ನೂ ತರಿಸುತ್ತದೆ. ಬೇರೆ ದಾರಿ ಇರಲಿಲ್ಲವೇ? ಇತ್ತು. ಇಪ್ಪತ್ತು ವರ್ಷಕ್ಕೂ ಮೊದಲೇ ಒಬ್ಬ ಹೆಂಗಸು ಮಾಡಿ ತೋರಿಸಿದ್ದಳು.

ಅಮೆರಿಕದ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಹ್ವಾರೆಸ್ ಚಿತ್ರಕ್ಕೆ ತೀರ್ಪುಗಾರರ ವಿಶೇಷ ಬಹುಮಾನ ಬಂತು. ಚಿತ್ರ ಹೊರಬಂದ 2001ರಲ್ಲೇ ಹ್ವಾರೆಸ್‌ನ ಹತ್ತಿಹೊಲವೊಂದರಲ್ಲಿ ಎಂಟು ಹೆಣ್ಣುಮಕ್ಕಳ ಶವ ಸಿಕ್ಕವು. ಅವರಲ್ಲಿ ಮೂವರ ಮನೆಯವರು ಹೋರಾಡಿದ ಪ್ರಕರಣದಲ್ಲಿ, 2009ರಲ್ಲಿ ಅಮೆರಿಕ ಖಂಡದ ಮಾನವ ಹಕ್ಕುಗಳ ನ್ಯಾಯಾಲಯ ಮೆಕ್ಸಿಕೋ ಸರ್ಕಾರವನ್ನೇ ಹೊಣೆ ಮಾಡಿತು. ಆ ಹೊತ್ತಿಗೆ ತಾಯಂದಿರು ಬೀದಿಗಿಳಿದು ವರ್ಷಗಳೇ ಆಗಿದ್ದವು.

ಪೋರ್ತಿಯೊ 2024ರ ಏಪ್ರಿಲ್‌ನಲ್ಲಿ, ಎಂಬತ್ತರ ವಯಸ್ಸಿನಲ್ಲಿ ತೀರಿಕೊಂಡರು. ಸೋದರಮಾವನ ಚಿತ್ರವನ್ನು 2020ರಲ್ಲೇ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ, ಅಂದರೆ ಕಾಪಿಟ್ಟುಕೊಳ್ಳಬೇಕಾದ ಚಿತ್ರಗಳ ಪಟ್ಟಿಗೆ, ಸೇರಿಸಿದ್ದರು. ನೋಡುವವರು ಅದರಿಂದಲೇ ಶುರು ಮಾಡಿ. ಹ್ವಾರೆಸ್ ಚಿತ್ರವನ್ನು ಮಾತ್ರ ದಯವಿಟ್ಟು ಮೊಬೈಲಿನಲ್ಲಿ ತುಂಡುತುಂಡಾಗಿ ನೋಡಬೇಡಿ, ಒಂದೇ ಸಲಕ್ಕೆ ಪೂರ್ತಿ ನೋಡಿ.