ಗೋವಾದಲ್ಲಿ ಹೆಂಡತಿಯ ಸಹಿ

ಆದಾಯ ತೆರಿಗೆಯ ಐಟಿಆರ್-2 ಮತ್ತು ಐಟಿಆರ್-3 ಫಾರ್ಮುಗಳಲ್ಲಿ ಒಂದು ಪ್ರಶ್ನೆ ಇರುತ್ತದೆ. ನಿಮಗೆ ಪೋರ್ಚುಗೀಸ್ ಸಿವಿಲ್ ಕೋಡ್ ಅನ್ವಯಿಸುತ್ತದೆಯೇ? ಹುಬ್ಬಳ್ಳಿಯಲ್ಲಿ ಕೂತು ಫಾರ್ಮು ತುಂಬುವವರು ಓದದೆಯೇ ‘ಇಲ್ಲ’ ಅಂತ ಒತ್ತಿ ಮುಂದೆ ಹೋಗುತ್ತಾರೆ. ನಾನು ಮಡಗಾಂವಿನಲ್ಲಿ ಲೆಕ್ಕಪತ್ರದ ಕೆಲಸ ಮಾಡುವವನು. ಇಲ್ಲಿ ನನ್ನ ಮೇಜಿನ ಮುಂದೆ ಕೂರುವ ಗೋವಾದ ಗಂಡ ಹೆಂಡಿರು ‘ಹೌದು’ ಅನ್ನುತ್ತಾರೆ. ಆಮೇಲೆ ಹೆಂಡತಿಯ ಹೆಸರು, ಪ್ಯಾನ್ ನಂಬರು ಎಲ್ಲ ಹಾಕಬೇಕು. ಅಂಗಡಿ ಗಂಡನ ಹೆಸರಲ್ಲೇ ಇರಲಿ, ಅದರ ಬಾಡಿಗೆ 40,000 ರೂಪಾಯಿ ಬಂದರೆ 20,000 ಅವನ ಲೆಕ್ಕಕ್ಕೆ, 20,000 ಅವಳ ಲೆಕ್ಕಕ್ಕೆ. ವ್ಯಾಪಾರದ ಲಾಭಕ್ಕೂ ಅದೇ ನಿಯಮ. ಸಂಬಳ ಮಾತ್ರ ದುಡಿದವರದು. 1961ರ ಆದಾಯ ತೆರಿಗೆ ಕಾಯ್ದೆಗೆ 5ಎ ಅನ್ನುವ ಕಲಮು ಸೇರಿಸಿದ್ದೇ ಇದಕ್ಕಾಗಿ.

ಈ ಕೋಡು 1867ರದು. ಗೋವಾ ಪೋರ್ಚುಗೀಸರಿಂದ ಬಿಡುಗಡೆಯಾಗಿದ್ದು 1961ರ ಡಿಸೆಂಬರ್‌ನಲ್ಲಿ. ಆಳುವವರು ಹೋದರು, ಅವರ ಕೌಟುಂಬಿಕ ಕಾನೂನು ಮಾತ್ರ ಉಳಿಯಿತು. ಹಿಂದೂ, ಕ್ರೈಸ್ತ, ಮುಸ್ಲಿಂ ಅಂತ ಇಲ್ಲಿ ಹೆಚ್ಚುಕಮ್ಮಿ ಭೇದವಿಲ್ಲ. ಮದುವೆಗೆ ಮೊದಲೇ ಬೇರೆ ಒಪ್ಪಂದ ಬರೆಸಿಕೊಳ್ಳದಿದ್ದರೆ, ಇಬ್ಬರ ಆಸ್ತಿಯೂ ಒಂದೇ ಗಂಟಾಗುತ್ತದೆ. ಅದರಲ್ಲಿ ಅರ್ಧ ಅವನದು, ಅರ್ಧ ಅವಳದು. ಗಂಡ ಅಪ್ಪನಿಂದ ಪಡೆದ ತೆಂಗಿನ ತೋಟವನ್ನು ಮಾರಬೇಕಾದರೂ ಹೆಂಡತಿಯ ಸಹಿ ಬೇಕು. ಅವಳು ಒಲ್ಲೆ ಅಂದರೆ ವ್ಯವಹಾರ ನಿಂತಿತು.

ನಮ್ಮ ಕಡೆ ಹೇಗೆ? ಹಾವೇರಿಯ ಒಬ್ಬ ರೈತ ತಾನೇ ದುಡಿದು ಕೊಂಡ ಎರಡು ಎಕರೆ ಮಾರಲು ಹೊರಟ ಅಂತ ಇಟ್ಟುಕೊಳ್ಳಿ. ಹೆಂಡತಿಗೆ ಹೇಳಬೇಕೆಂದೇನೂ ಇಲ್ಲ. ಅವಳು ಮೂವತ್ತು ವರ್ಷ ಅದೇ ಹೊಲದಲ್ಲಿ ಕಳೆ ತೆಗೆದಿರಬಹುದು. ಆದರೆ ಉತಾರದಲ್ಲಿ ಅವಳ ಹೆಸರಿಲ್ಲ. ಅವನು ಉಯಿಲು ಬರೆಯದೆ ಸತ್ತರೆ ಮಕ್ಕಳು ಮತ್ತು ಅತ್ತೆಯ ಜೊತೆ ಅವಳಿಗೂ ಒಂದು ಪಾಲು ಬರುತ್ತದೆ. ಎಲ್ಲವನ್ನೂ ಒಬ್ಬ ಮಗನಿಗೇ ಉಯಿಲು ಬರೆದಿಟ್ಟರೆ ಅದೂ ಇಲ್ಲ, ಅವಳಿಗೆ ಉಳಿಯುವುದು ಜೀವನಾಂಶ ಕೇಳುವ ಹಕ್ಕು. ಗೋವಾದಲ್ಲಿ ಗಂಡ ಸತ್ತರೆ ಮೊದಲು ಹೆಂಡತಿಯ ಅರ್ಧ ಪಕ್ಕಕ್ಕೆ ತೆಗೆದಿಡುತ್ತಾರೆ. ಅದು ಸತ್ತವನ ಆಸ್ತಿಯೇ ಅಲ್ಲ. ಉಳಿದ ಅರ್ಧದಲ್ಲೂ ಅವನು ತನ್ನಿಷ್ಟದಂತೆ ಬರೆದಿಡಬಹುದಾದದ್ದು ಅರ್ಧ ಮಾತ್ರ. ಮಿಕ್ಕಿದ್ದು ಗಂಡು ಹೆಣ್ಣು ಮಕ್ಕಳಿಗೆ ಸಮನಾಗಿ ಹೋಗಲೇಬೇಕು. ಕಾನೂನು ಹೇಳಿದ ಗಟ್ಟಿ ಕಾರಣವಿಲ್ಲದೆ ಮಗಳನ್ನು ಹೊರಗಿಡಲು ಬರುವುದಿಲ್ಲ.

ಕರ್ನಾಟಕ ಹಿಂದುಳಿದಿದೆ ಅಂತ ಹೇಳಲು ನಾನು ಹೊರಟಿಲ್ಲ. ಪಿತ್ರಾರ್ಜಿತದಲ್ಲಿ ಮಗಳಿಗೂ ಸಮಪಾಲು ಎಂಬ ತಿದ್ದುಪಡಿ ನಮ್ಮಲ್ಲಿ 1994ರಲ್ಲೇ ಜಾರಿಗೆ ಬಂತು. ದೇಶಕ್ಕೆಲ್ಲ ಬಂದದ್ದು 2005ರಲ್ಲಿ. ತಂದೆ ಆಗ ಬದುಕಿರಬೇಕೆಂದೇನೂ ಇಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟ ಮಾಡಿತು. ಕಾನೂನಿಗೆ ಕೊರತೆಯಿಲ್ಲ. ಕೊರತೆ ಇರುವುದು ಮನೆಯ ಪಡಸಾಲೆಯಲ್ಲಿ. ಅಪ್ಪ ತೀರಿಕೊಂಡ ಮೇಲೆ ವಾಟ್ನಿ, ಅಂದರೆ ಆಸ್ತಿ ಹಂಚಿಕೆಯ, ಮಾತು ಬರುತ್ತದೆ. ಅಣ್ಣ ತಂಗಿಯನ್ನು ಕರೆಸುತ್ತಾನೆ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಅವಳು ಸಹಿ ಹಾಕುತ್ತಾಳೆ. ಮನೆಗೆ ಬಂದ ಮೇಲೆ ಸೀರೆ ಕೊಟ್ಟು ಉಡಿ ತುಂಬುತ್ತಾರೆ. ಯಾರೂ ಬೆದರಿಸಿರುವುದಿಲ್ಲ. ಬೆದರಿಸುವ ಅಗತ್ಯವೂ ಇಲ್ಲ. ಪಾಲು ಕೇಳಿದರೆ ಮುಂದಿನ ಪಂಚಮಿಗೆ ಕರೆಯಲು ಅಣ್ಣ ಬರುವುದಿಲ್ಲ ಅಂತ ಅವಳಿಗೆ ಗೊತ್ತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆ ಕೇಳುತ್ತಲೇ ಬೆಳೆದವಳು ಅವಳು. ಕಾಲು ಎಕರೆ ದೊಡ್ಡದೋ ತವರು ದೊಡ್ಡದೋ ಅಂತ ಅವಳನ್ನು ನಿಲ್ಲಿಸಿ ಕೇಳುವುದೇ ಅನ್ಯಾಯ ಅಂತ ನನಗೆ ಅನಿಸುತ್ತದೆ. ಈ ಪ್ರಶ್ನೆಯನ್ನು ಅಣ್ಣನಿಗೆ ಯಾರಾದರೂ ಕೇಳಿದ್ದಾರಾ?

ಗೋವಾದಲ್ಲಿ ಹೆಣ್ಣುಮಕ್ಕಳು ಪಾಲು ಬಿಟ್ಟುಕೊಡುವುದೇ ಇಲ್ಲವೇ ಅಂದರೆ, ಬಿಡುತ್ತಾರೆ. ನೋಟರಿ ಮುಂದೆ ಬರೆದುಕೊಟ್ಟು ಹೋಗುವವರು ಇಲ್ಲೂ ಇದ್ದಾರೆ. ಆದರೆ ಕಾಗದದ ಮೇಲೆ ಅವಳ ಹೆಸರು ಮೊದಲಿನಿಂದಲೂ ಇರುತ್ತದೆ. ಹಂಚಿಕೆಗೆ ಕೋರ್ಟಿನಲ್ಲಿ ಇನ್ವೆಂಟರಿ, ಅಂದರೆ ಸತ್ತವರ ಆಸ್ತಿ ಪಟ್ಟಿ ಮಾಡಿ ಪಾಲು ಹಂಚುವ ಪ್ರಕರಣ, ಹಾಕಿದರೆ ಹೆಣ್ಣುಮಕ್ಕಳನ್ನೂ ಅವರ ಗಂಡಂದಿರನ್ನೂ ಕರೆಯಲೇಬೇಕು. ಅವಳನ್ನು ಮರೆತು ಮುಂದೆ ಹೋಗಲು ಬರುವುದಿಲ್ಲ. ಇದರ ಪೀಕಲಾಟವೂ ಸಣ್ಣದಲ್ಲ. ನಾಲ್ಕು ಜನ ಒಡಹುಟ್ಟಿದವರ ಮನೆ ಮಾರಲು ಎಂಟು ಸಹಿ ಬೇಕು. ಒಬ್ಬರು ಲಂಡನ್ನಿನಲ್ಲಿ, ಒಬ್ಬರು ಲಿಸ್ಬನ್ನಿನಲ್ಲಿ. ಇಲ್ಲಿನ ಸಾಲ್ಸೆಟ್ ತಾಲೂಕಿನ ಊರುಗಳಲ್ಲಿ ಬೀಗ ಹಾಕಿದ, ಹೆಂಚು ಜಾರಿದ ಅಷ್ಟೊಂದು ದೊಡ್ಡ ಮನೆಗಳು ಕಾಣುವುದಕ್ಕೆ ಇದೂ ಒಂದು ಕಾರಣ. ಒಂದೇ ಗಂಟು ಅಂದಮೇಲೆ ಸಾಲದ ಬಿಸಿಯೂ ಇಬ್ಬರಿಗೂ ತಟ್ಟುತ್ತದೆ. ಗಂಡ ಚಾಚಿದ ಕಾಗದಕ್ಕೆ ಓದದೆ ಸಹಿ ಹಾಕುವ ಹೆಂಗಸರನ್ನೂ ಕಂಡಿದ್ದೇನೆ.

ಗೋವಾವನ್ನು ತಲೆಯ ಮೇಲೆ ಹೊತ್ತುಕೊಂಡು ಕುಣಿಯುವವರಿಗೆ ಇನ್ನೆರಡು ಮಾತು. ಹಿಂದೂ ಹೆಂಡತಿಗೆ 25 ವರ್ಷವಾಗುವವರೆಗೆ ಮಕ್ಕಳಾಗದಿದ್ದರೆ, ಅಥವಾ 30ರ ತನಕ ಗಂಡು ಮಗು ಆಗದಿದ್ದರೆ, ಕೆಲವು ಷರತ್ತಿನ ಮೇಲೆ ಗಂಡ ಇನ್ನೊಂದು ಮದುವೆಯಾಗಬಹುದು ಅಂತ 1880ರ ಒಂದು ಆದೇಶ ಹೇಳುತ್ತಿತ್ತು. ಈಗ ಅದನ್ನು ಬಳಸುವವರಿಲ್ಲ, ಆದರೆ ಹೊಗಳುವವರು ಅದರ ಸುದ್ದಿಯನ್ನೇ ಎತ್ತುವುದಿಲ್ಲ. ಊರೊಟ್ಟಿನ ಜಮೀನು ನೋಡಿಕೊಳ್ಳುವ ಕೊಮುನಿದಾದ್‌ಗಳಲ್ಲಿ ಗಾಂವ್ಕಾರಿಕೆ, ಅಂದರೆ ಅದರ ಸದಸ್ಯತ್ವ, ಗಂಡುಸಂತಾನದಲ್ಲೇ ಇಳಿದು ಬಂದಿದೆ. ವರ್ಷದ ಪಾಲು, ಅಂದರೆ ಝೋಣ್, ಗಂಡಸರ ಕೈಗೆ. ಮನೆಯೊಳಗೆ ಅರ್ಧ ಕೊಟ್ಟ ಸಮಾಜ ಊರಿನ ಗದ್ದೆಗೆ ಬಂದಾಗ ಕೈ ಹಿಂದೆಳೆದುಕೊಂಡಿತು.

2011ರ ಜನಗಣತಿ ನೋಡಿ. ಹೆಣ್ಣುಮಕ್ಕಳ ಸಾಕ್ಷರತೆ ಗೋವಾದಲ್ಲಿ ಸುಮಾರು ಶೇ. 85, ನಮ್ಮಲ್ಲಿ ಶೇ. 68. ಭಾರಿ ಅಂತರ. ಆದರೆ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಹೆಣ್ಣುಮಕ್ಕಳು ಗೋವಾದಲ್ಲಿ 942, ಕರ್ನಾಟಕದಲ್ಲಿ 948. ಆಸ್ತಿ, ಓದು ಎರಡೂ ಇದ್ದ ಕಡೆ ಹೆಣ್ಣುಮಗು ಜಾಸ್ತಿ ಬೇಕಾಗಿರುತ್ತದೆ ಅಂದುಕೊಳ್ಳುತ್ತೇವೆ, ಅಲ್ವಾ? ಲೆಕ್ಕ ಹಾಗೆ ಹೇಳುತ್ತಿಲ್ಲ. ರಾಜಕೀಯದಲ್ಲೂ ಅಷ್ಟೆ. ಗೋವಾ 1973ರಲ್ಲೇ ಶಶಿಕಲಾ ಕಾಕೋಡ್ಕರ್ ಅವರನ್ನು ಮುಖ್ಯಮಂತ್ರಿ ಮಾಡಿತು. ನಾವು ಇವತ್ತಿನವರೆಗೂ ಒಬ್ಬ ಹೆಣ್ಣುಮಗಳನ್ನು ಆ ಕುರ್ಚಿಯಲ್ಲಿ ಕೂರಿಸಿಲ್ಲ. ಆದರೂ 2022ರಲ್ಲಿ ಗೋವಾದ 40 ಸೀಟುಗಳಲ್ಲಿ ಗೆದ್ದ ಹೆಂಗಸರು ಮೂವರೇ.

ಇಷ್ಟೆಲ್ಲ ಇದ್ದರೂ ನಾನು ಆ ಸಹಿಯ ಪರ. ಅದರಿಂದ ಮನೆಯ ಮಾತುಕತೆ ಬದಲಾಗುವುದನ್ನು ನನ್ನ ಮೇಜಿನ ಈಚೆಯಿಂದ ನೋಡುತ್ತೇನೆ. ಇಲ್ಲಿನ ಗಂಡ ಅಂಗಡಿ ಮಾರುವ ಸುದ್ದಿ ತೆಗೆದರೆ ಹೆಂಡತಿ ‘ಎಷ್ಟಕ್ಕೆ?’ ಅಂತ ಕೇಳುತ್ತಾಳೆ. ನಮ್ಮವರ ಮನೆಯಲ್ಲಿ ಅಷ್ಟು ಹೊತ್ತಿಗೆ ಅಡ್ವಾನ್ಸ್ ಖರ್ಚಾಗಿರುತ್ತದೆ.

ವಾಸ್ಕೋ ಪಕ್ಕದ ಝುವಾರಿನಗರದಲ್ಲಿ ವಿಜಯಪುರ, ಬಾಗಲಕೋಟೆ, ಗದಗ ಕಡೆಯವರು ತುಂಬಾ ಇದ್ದಾರೆ. ಗಂಡ ಗಾರೆ ಕೆಲಸ, ಹೆಂಡತಿ ಸಿಮೆಂಟು ಹೊರುವುದು ಅಥವಾ ಮನೆಗೆಲಸ. ದುಡಿಮೆ ಇಬ್ಬರದು. ವಲಸೆ ಬಂದವರಿಗೆ ಗೋವಾದ ಈ ಕಾನೂನು ತಾನಾಗಿ ಅಂಟುವುದಿಲ್ಲ. ಊರಲ್ಲಿ ಸೈಟು ಕೊಂಡರೆ ನಮ್ಮೂರಿನ ಕಾನೂನೇ. ಆದರೆ ಖರೀದಿ ಪತ್ರದಲ್ಲಿ ಇಬ್ಬರ ಹೆಸರೂ ಹಾಕಿಸಲು ಯಾವ ಕಾನೂನೂ ಅಡ್ಡ ಬರುವುದಿಲ್ಲ. ಫಾರ್ಮು ತುಂಬಿಸಲು ಬರುವ ಮೇಸ್ತ್ರಿಗಳಿಗೆ ಇದನ್ನು ಹೇಳುತ್ತಿರುತ್ತೇನೆ. ‘ನನ್ನ ಹೆಸರಲ್ಲಿದ್ರ ಅಕೀದ ಅಲ್ಲೇನ್ರೀ ಸರ?’ ಅನ್ನುತ್ತಾರೆ. ಹಾಗಾದರೆ ಅಕೀ ಹೆಸರಿಗೇ ಮಾಡಿಸಿಬಿಡಿ, ಅದೂ ನಿಮ್ಮದೇ ಅಲ್ಲವೇ ಅಂದರೆ, ಬಸ್ಸಿಗೆ ಹೊತ್ತಾಯಿತು ಅಂತ ಏಳುತ್ತಾರೆ.